ಗುಡ್ಡಗಾಡಿನ ಸೈಕಲ್ಲಿಗೆ ಹೊಸ ಸರಪಳಿ: ಅಳತೆ ಮತ್ತು ಜೋಡಣೆ

ಸೈಕಲ್ಲನ್ನು ನಂಬಿ ವಿದ್ಯೆ ಕಲಿತ ತಲೆಮಾರಿಗೆ ಸೇರಿದವನು ನಾನು. ಹಳ್ಳಿಯಿಂದ ಪ್ರೌಢಶಾಲೆಗೆ ಎರಡು ಹರದಾರಿ ದಾರಿ. ಚೈನು ಕಳಚಿದರೆ ಬೆರಳಿನಿಂದಲೇ ಎತ್ತಿ ಕೂರಿಸುವುದು, ಸಡಿಲವಾದರೆ ಹಿಂದಿನ ಗಾಲಿಯ ನಟ್ಟು ಬಿಚ್ಚಿ ಗಾಲಿಯನ್ನು ತುಸು ಹಿಂದಕ್ಕೆಳೆಯುವುದು, ತುಂಡಾದರೆ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೊಳೆ ಬಡಿದು ಕೂಡಿಸುವುದು, ಈ ಮೂರು ವಿದ್ಯೆಗಳೂ ನಮಗೆ ಅಕ್ಷರಾಭ್ಯಾಸದಷ್ಟೇ ಸಹಜವಾಗಿದ್ದವು. ಆ ವಿದ್ಯೆಯ ಮೇಲಿನ ಅತಿವಿಶ್ವಾಸವೇ ಕೆಲವು ವರ್ಷಗಳ ಹಿಂದೆ ನನ್ನ ಮಗನ ಮುಂಗೈ ಮುರಿಯಲು ಕಾರಣವಾಯಿತು.

ಅವನದು ಹನ್ನೆರಡು ಗೇರುಗಳ, ಗುಡ್ಡ ಹತ್ತುವ ಸೈಕಲ್ಲು. ಸರಪಳಿ ಸವೆದಿತ್ತು, ಹೊಸದನ್ನು ತಂದೆ. ಹಳೆಯದನ್ನು ಮೊಳೆಗೆ ತೂಗುಹಾಕಿ, ಹೊಸದನ್ನು ಅದರ ಪಕ್ಕದಲ್ಲಿ ಇಳಿಬಿಟ್ಟು, ತುದಿಗೆ ತುದಿ ಸರಿಹೋಗುವಂತೆ ಕತ್ತರಿಸಿದೆ. ಹೊಸ ಸರಪಳಿಯೊಂದಿಗೆ ಒಂದು ಸಣ್ಣ ಪೊಟ್ಟಣದಲ್ಲಿ ಎರಡು ಹೊಳೆಯುವ ಚೂರುಗಳಿದ್ದವು. ಅವು ಹೆಚ್ಚುವರಿ ಬಿಡಿಭಾಗಗಳೆಂದು ಬಗೆದು ಡಬ್ಬಿಯಲ್ಲಿಟ್ಟು, ಹೊರತಳ್ಳಿದ್ದ ಮೊಳೆಯನ್ನೇ ಮರಳಿ ಬಡಿದು ಸರಪಳಿಯನ್ನು ಕೂಡಿಸಿದೆ. ಮೂರನೆಯ ದಿನ ಊರಾಚೆಯ ಏರಿನಲ್ಲಿ ಹುಡುಗನು ಎದ್ದು ನಿಂತು ಪೆಡಲು ತುಳಿದಾಗ ಅದೇ ಕೊಂಡಿ ಬಿಟ್ಟುಹೋಯಿತು. ಕಾಲಡಿಯ ಪ್ರತಿರೋಧ ಒಮ್ಮೆಲೇ ಇಲ್ಲವಾಗಿ ಅವನು ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬಿದ್ದನು. ಆರು ವಾರಗಳ ಕಾಲ ಅವನ ಕೈಗೆ ಪಟ್ಟಿ ಇತ್ತು. ನಾನು ಮಾಡಿದ್ದು ಒಂದಲ್ಲ, ಎರಡು ತಪ್ಪುಗಳೆಂದು ಆಮೇಲೆ ತಿಳಿಯಿತು. ಆ ತಪ್ಪುಗಳು ಮತ್ತೊಬ್ಬರ ಮನೆಯಲ್ಲಿ ನಡೆಯದಿರಲೆಂಬುದೇ ಈ ಲೇಖನದ ಉದ್ದೇಶ.

ಹಳೆಯ ಸೈಕಲ್ಲೂ ಹೊಸ ಸೈಕಲ್ಲೂ

ಗುಡ್ಡ ಹತ್ತುವ ಸೈಕಲ್ಲು ರೂಪುಗೊಂಡದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಅಲ್ಲಿನ ಮರಿನ್ ಪ್ರಾಂತದ ತರುಣರು ದಪ್ಪ ಟೈರಿನ ಹಳೆಯ ಸೈಕಲ್ಲುಗಳಲ್ಲಿ ಬೆಟ್ಟದ ಮಣ್ಣುದಾರಿಗಳನ್ನು ಇಳಿಯುತ್ತಿದ್ದರು. 1976ರಲ್ಲಿ ಆರಂಭವಾದ ಅವರ ಒಂದು ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರು. ಇಳಿಜಾರಿನಲ್ಲಿ ಬ್ರೇಕು ಕಾದು ಹಿಂದಿನ ಗಾಲಿಯ ಗುಂಬದೊಳಗಿನ ಗ್ರೀಸೆಲ್ಲ ಸುಟ್ಟುಹೋಗುತ್ತಿದ್ದುದರಿಂದ, ಪ್ರತಿ ಬಾರಿಯೂ ಅದನ್ನು ಹೊಸದಾಗಿ ತುಂಬಬೇಕಾಗುತ್ತಿತ್ತು. ಹೆಸರು ಬಂದದ್ದು ಅದರಿಂದ. 1977ರಲ್ಲಿ ಜೋ ಬ್ರೀಜ್ ಎಂಬುವರು ಇದಕ್ಕೆಂದೇ ಚೌಕಟ್ಟನ್ನು ಕಟ್ಟಿದರು.

ಇಳಿಯುವುದು ಸುಲಭ, ಹತ್ತುವುದು ಕಷ್ಟ. ಹತ್ತಲು ಹಗುರವಾದ ಗೇರು ಬೇಕು. ಹಗುರವಾದ ಗೇರಿಗೆ ಹಿಂದೆ ದೊಡ್ಡ ಹಲ್ಲುಚಕ್ರ ಬೇಕು. ಇಂದು ಅಂತಹ ಸೈಕಲ್ಲಿನ ಹಿಂಬದಿಯಲ್ಲಿ 10 ಹಲ್ಲುಗಳಿಂದ 50 ಹಲ್ಲುಗಳವರೆಗಿನ ಹನ್ನೆರಡು ಚಕ್ರಗಳು ಒಂದರ ಪಕ್ಕದಲ್ಲೊಂದು ಇರುವುದುಂಟು. ಸರಪಳಿಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ, ಹಾಗೂ ಉಳಿದ ಸಡಿಲನ್ನು ತನ್ನೊಳಗೆ ಎಳೆದಿಟ್ಟುಕೊಳ್ಳುವ ಸ್ಪ್ರಿಂಗಿನ ತೋಳಿಗೆ ಡಿರೈಲರು ಎಂದು ಹೆಸರು. ಅದರಲ್ಲಿ ಎರಡು ಪುಟ್ಟ ಹಲ್ಲುಚಕ್ರಗಳಿರುತ್ತವೆ.

ನಮ್ಮ ಹಳೆಯ ಸೈಕಲ್ಲಿನಲ್ಲಿ ಉದ್ದ ತುಸು ಹೆಚ್ಚುಕಡಿಮೆಯಾದರೆ ಗಾಲಿಯನ್ನು ಸರಿಸಿ ಸರಿಪಡಿಸಬಹುದಾಗಿತ್ತು. ಇಲ್ಲಿ ಗಾಲಿಯು ಹಿಂದೆ ಮುಂದೆ ಸರಿಯುವುದಿಲ್ಲ. ಆದ್ದರಿಂದ ಸರಪಳಿಯ ಉದ್ದವನ್ನು ಮೊದಲೇ ನಿರ್ಣಯಿಸಬೇಕು.

ಸರಪಳಿಯ ರಚನೆ

ಇಂದಿನ ಉರುಳೆ ಸರಪಳಿಗೆ ಹಾನ್ಸ್ ರೆನಾಲ್ಡ್ ಎಂಬ ಶಿಲ್ಪಿಯು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1880ರಲ್ಲಿ ಹಕ್ಕುಪತ್ರ ಪಡೆದನು. ಒಳತಗಡುಗಳ ಒಂದು ಜೋಡಿ, ಹೊರತಗಡುಗಳ ಒಂದು ಜೋಡಿ, ಹೀಗೆ ಒಂದಾದ ಮೇಲೊಂದರಂತೆ ಕೊಂಡಿಗಳು ಸಾಗುತ್ತವೆ. ಅವನ್ನು ಕೂಡಿಸುವುದು ಮೊಳೆ. ಮೊಳೆಯ ಸುತ್ತ ಉರುಳೆ. ಒಂದು ಮೊಳೆಯ ನಡುವಿನಿಂದ ಮುಂದಿನ ಮೊಳೆಯ ನಡುವಿಗೆ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರು. ಅಜ್ಜನ ಸೈಕಲ್ಲಿಗೂ ಮೊಮ್ಮಗನ ಸೈಕಲ್ಲಿಗೂ ಈ ಅಳತೆ ಒಂದೇ.

ಬದಲಾಗಿರುವುದು ಅಗಲ. ಚಕ್ರಗಳ ಸಂಖ್ಯೆ ಹೆಚ್ಚಿದಂತೆ ಅವುಗಳ ನಡುವಿನ ಎಡೆ ಕಿರಿದಾಯಿತು, ಸರಪಳಿಯೂ ತೆಳುವಾಯಿತು. ಎಂಟು ಗೇರಿನ ಸರಪಳಿಯ ಹೊರ ಅಗಲ ಸುಮಾರು 7 ಮಿಲಿಮೀಟರು. ಹನ್ನೆರಡು ಗೇರಿನದು ಸುಮಾರು 5.25 ಮಿಲಿಮೀಟರು ಮಾತ್ರ. ಆದುದರಿಂದ ಕೊಳ್ಳುವಾಗ ಗೇರುಗಳ ಸಂಖ್ಯೆಯನ್ನು ಹೇಳಿಯೇ ಕೊಳ್ಳಬೇಕು. ತೆಳುವಾದ ಸರಪಳಿಯಲ್ಲಿ ಮೊಳೆಯು ತಗಡಿನಿಂದಾಚೆಗೆ ಚಾಚಿಕೊಂಡಿರುವುದಿಲ್ಲ. ಅದರ ತುದಿಯನ್ನು ಕಾರ್ಖಾನೆಯಲ್ಲಿ ಅರಳಿಸಿ ಬಿಗಿದಿರುತ್ತಾರೆ. ಒಮ್ಮೆ ಹೊರತಳ್ಳಿದರೆ ಆ ಅರಳು ಹರಿದು, ತಗಡಿನ ರಂಧ್ರವೂ ಕೆಡುತ್ತದೆ. ಮರಳಿ ಬಡಿದ ಮೊಳೆ ಕಣ್ಣಿಗೆ ಭದ್ರವಾಗಿ ಕಂಡರೂ ಅದರಲ್ಲಿ ಹಿಡಿತವಿರುವುದಿಲ್ಲ. ಕೈ ಮುರಿಸಿದ ನನ್ನ ತಪ್ಪು ಇದೇ.

ಸವೆತದ ಪರೀಕ್ಷೆ

ಸರಪಳಿ ‘ಹಿಗ್ಗುತ್ತದೆ’ ಎಂದು ಹೇಳುವ ವಾಡಿಕೆಯುಂಟು. ವಾಸ್ತವವಾಗಿ ತಗಡುಗಳು ಹಿಗ್ಗುವುದಿಲ್ಲ. ಮೊಳೆಗಳೂ ಅವು ತಿರುಗುವ ಎಡೆಗಳೂ ಸವೆದು, ಒಂದೊಂದು ಕೊಂಡಿಯ ಕೂದಲೆಳೆಯಷ್ಟು ಸಡಿಲು ಸೇರಿ ಒಟ್ಟು ಉದ್ದ ಬೆಳೆಯುತ್ತದೆ. ಇದನ್ನು ಅಳೆಯಲು ಒಂದು ಉಕ್ಕಿನ ಅಡಿಪಟ್ಟಿ ಸಾಕು. ಸರಪಳಿಯನ್ನು ಬಿಗಿಯಾಗಿ ಹಿಡಿದು, ಒಂದು ಮೊಳೆಯ ನಡುವಿಗೆ ಸೊನ್ನೆಯನ್ನಿಟ್ಟು 24 ಕೊಂಡಿಗಳನ್ನು ಎಣಿಸಬೇಕು. ಹೊಸದಾದರೆ 24ನೆಯ ಕೊಂಡಿಯ ಕೊನೆಯ ಮೊಳೆ ಸರಿಯಾಗಿ 12 ಅಂಗುಲದ ಗೆರೆಯ ಮೇಲಿರುತ್ತದೆ. ಅದು ಗೆರೆಯಿಂದ ಅಂಗುಲದ ಹದಿನಾರನೆಯ ಒಂದು ಭಾಗ ದಾಟಿದ್ದರೆ ಸವೆತ ನೂರಕ್ಕೆ ಅರ್ಧದಷ್ಟು. ಹನ್ನೊಂದು, ಹನ್ನೆರಡು ಗೇರಿನ ಸರಪಳಿಗಳನ್ನು ಆಗಲೇ ಬದಲಿಸಬೇಕು. ಎಂಟನೆಯ ಒಂದು ಭಾಗ ದಾಟಿದ್ದರೆ ಸವೆತ ನೂರಕ್ಕೆ ಒಂದು. ಅಷ್ಟರಲ್ಲಿ ಹಿಂದಿನ ಚಕ್ರಗಳ ಹಲ್ಲುಗಳೂ ಸವೆದಿರುವ ಸಂಭವ ಹೆಚ್ಚು. ಸವೆದ ಹಲ್ಲುಗಳ ಮೇಲೆ ಹೊಸ ಸರಪಳಿ ನಿಲ್ಲದೆ ಜಿಗಿಯುತ್ತದೆ. ಸಕಾಲದಲ್ಲಿ ಸರಪಳಿ ಬದಲಿಸಿದವನು ಅದಕ್ಕಿಂತ ಬೆಲೆಯುಳ್ಳ ಚಕ್ರಗಳ ಸಮೂಹವನ್ನು ಉಳಿಸಿಕೊಳ್ಳುತ್ತಾನೆ.

ನನ್ನ ಇನ್ನೊಂದು ತಪ್ಪು ಇಲ್ಲಿಯೇ ಅಡಗಿದೆ. ಆ ಸೈಕಲ್ಲಿನ ಹಳೆಯ ಸರಪಳಿ 112 ಕೊಂಡಿಗಳದು, ಹೊಸದಾಗಿದ್ದಾಗ 56 ಅಂಗುಲ. ನೂರಕ್ಕೆ ಒಂದರಂತೆ ಸವೆದಾಗ ಅದು ಅರ್ಧ ಅಂಗುಲಕ್ಕೂ ಹೆಚ್ಚು ಬೆಳೆದಿತ್ತು. ತುದಿಗೆ ತುದಿ ಹೊಂದಿಸಿದ ನನಗೆ 113 ಕೊಂಡಿಗಳು ಬಂದವು. ಒಳತಗಡಿಗೆ ಹೊರತಗಡೇ ಕೂಡಬೇಕಾದ್ದರಿಂದ ಒಟ್ಟು ಸಂಖ್ಯೆ ಸಮವಾಗಿರಲೇಬೇಕು. ನಾನು ಒಂದನ್ನು ಹೆಚ್ಚಿಗೆ ಬಿಟ್ಟು 114 ಮಾಡಿದೆ. ಹಳೆಯ ಸರಪಳಿ ಸರಿಯಾದ ಉದ್ದದ್ದೆಂದು ಖಚಿತವಿದ್ದರೆ ಅದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಆದರೆ ಕೊಂಡಿಗಳನ್ನು ಎಣಿಸಬೇಕೇ ಹೊರತು ತುದಿಗಳನ್ನು ಹೊಂದಿಸಬಾರದು.

ಉದ್ದದ ನಿರ್ಣಯ

ಹಳೆಯದರ ಲೆಕ್ಕ ನಂಬಲರ್ಹವಲ್ಲದಿದ್ದರೆ ಸೈಕಲ್ಲಿನಿಂದಲೇ ಉದ್ದವನ್ನು ತಿಳಿಯಬೇಕು. ಹೊಸ ಸರಪಳಿಯನ್ನು ಮುಂದಿನ ಅತಿ ದೊಡ್ಡ ಚಕ್ರ ಮತ್ತು ಹಿಂದಿನ ಅತಿ ದೊಡ್ಡ ಚಕ್ರಗಳ ಮೇಲೆ ಸುತ್ತಬೇಕು. ಈ ಹಂತದಲ್ಲಿ ಡಿರೈಲರಿನೊಳಗೆ ಹಾಯಿಸಕೂಡದು. ಎರಡು ತುದಿಗಳನ್ನೂ ಬಿಗಿಯಾಗಿ ಎಳೆದಾಗ ಎಲ್ಲಿ ಮೊದಲು ಕೂಡಿಸಲು ಸಾಧ್ಯವೋ ಆ ಮೊಳೆಯನ್ನು ಗುರುತಿಸಿ, ಅಲ್ಲಿಂದ ಎರಡು ಕೊಂಡಿಗಳನ್ನು, ಅಂದರೆ ಒಂದು ಅಂಗುಲವನ್ನು, ಹೆಚ್ಚಿಗೆ ಸೇರಿಸಬೇಕು. ಆ ಅಂಗುಲವೇ ಡಿರೈಲರಿನ ಬಳಕೆಗೆ.

ಲೆಕ್ಕದಿಂದಲೂ ಇದನ್ನು ಪರೀಕ್ಷಿಸಬಹುದು. ಪೆಡಲಿನ ಅಚ್ಚಿನ ನಡುವಿನಿಂದ ಹಿಂದಿನ ಗಾಲಿಯ ಅಚ್ಚಿನ ನಡುವಿಗೆ ಇರುವ ಅಂತರವನ್ನು ಅಂಗುಲಗಳಲ್ಲಿ ಅಳೆದು ಇಮ್ಮಡಿಸಿರಿ. ಮುಂದಿನ ದೊಡ್ಡ ಚಕ್ರದ ಹಲ್ಲುಗಳ ಕಾಲುಭಾಗ, ಹಿಂದಿನ ದೊಡ್ಡ ಚಕ್ರದ ಹಲ್ಲುಗಳ ಕಾಲುಭಾಗ ಹಾಗೂ ಒಂದನ್ನು ಕೂಡಿಸಿರಿ. ನಮ್ಮ ಸೈಕಲ್ಲಿನಲ್ಲಿ ಅಂತರ 17 ಅಂಗುಲ, ಮುಂದೆ 32 ಹಲ್ಲು, ಹಿಂದೆ 50 ಹಲ್ಲು. 34, 8, 12.5 ಮತ್ತು 1 ಸೇರಿ 55.5. ಭಿನ್ನಾಂಕ ಬಂದರೆ ಮೇಲಿನ ಪೂರ್ಣ ಅಂಗುಲವನ್ನು ಹಿಡಿಯಬೇಕು: 56 ಅಂಗುಲ, 112 ಕೊಂಡಿಗಳು.

ಒಂದು ಎಚ್ಚರಿಕೆ. ಹಿಂಬದಿಗೂ ಸ್ಪ್ರಿಂಗಿನ ವ್ಯವಸ್ಥೆಯುಳ್ಳ ಸೈಕಲ್ಲುಗಳಲ್ಲಿ, ಚೌಕಟ್ಟು ಕುಗ್ಗಿದಾಗ ಪೆಡಲಿನ ಅಚ್ಚಿಗೂ ಗಾಲಿಯ ಅಚ್ಚಿಗೂ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚುತ್ತದೆ. ಅಂಥವುಗಳಲ್ಲಿ ಗಾಳಿಯನ್ನು ಹೊರಬಿಟ್ಟು, ಚೌಕಟ್ಟನ್ನು ಕುಗ್ಗಿಸಿ, ಅಂತರ ಅತಿ ಹೆಚ್ಚಾಗಿರುವ ಸ್ಥಿತಿಯಲ್ಲಿಯೇ ಅಳೆಯಬೇಕು.

ಉದ್ದ ಹೆಚ್ಚಾದರೆ ಚಿಕ್ಕ ಚಕ್ರಗಳ ಮೇಲೆ ಸರಪಳಿ ಜೋತು ಬಿದ್ದು ಚೌಕಟ್ಟಿಗೆ ಬಡಿಯುತ್ತದೆ, ಆಗಾಗ ಕಳಚುತ್ತದೆ. ಉದ್ದ ಕಡಿಮೆಯಾದರೆ ಕೇಡು ದೊಡ್ಡದು: ದೊಡ್ಡ ಚಕ್ರಕ್ಕೆ ದಾಟಿದ ಕೂಡಲೇ ಸರಪಳಿ ಸೆಟೆದು, ಡಿರೈಲರನ್ನು ಕಿತ್ತು, ಗಾಲಿಯನ್ನೇ ಬಿಗಿದು ನಿಲ್ಲಿಸಬಲ್ಲದು. ಆದುದರಿಂದ ಕತ್ತರಿಸುವ ಮುನ್ನ ಎರಡು ಬಾರಿ ಎಣಿಸುವುದು ವಿಹಿತ.

ಜೋಡಣೆ

ಕತ್ತರಿಸಲು ಚೈನ್ ಕಟರು ಎಂಬ ಸಾಧನವುಂಟು. ಅದರ ತಿರುಪು ಮೊಳೆಯನ್ನು ನೇರವಾಗಿ ಹೊರತಳ್ಳುತ್ತದೆ. ನಾನು ಡಬ್ಬಿಯಲ್ಲಿಟ್ಟಿದ್ದ ಎರಡು ಚೂರುಗಳೇ ಕ್ವಿಕ್ ಲಿಂಕು. ಎರಡೂ ಸೇರಿ ಒಂದು ಹೊರಕೊಂಡಿಯಾಗುತ್ತವೆ. ಇದನ್ನು ಬಳಸುವಾಗ ಸರಪಳಿಯ ಎರಡೂ ತುದಿಗಳಲ್ಲಿ ಒಳತಗಡುಗಳೇ ಉಳಿಯುವಂತೆ ಕತ್ತರಿಸಬೇಕು. ಕ್ವಿಕ್ ಲಿಂಕನ್ನೂ ಒಂದು ಕೊಂಡಿಯೆಂದು ಎಣಿಸಬೇಕು. ಆಗ 111 ಮತ್ತು 1 ಸೇರಿ 112. ಕೆಲವು ಸರಪಳಿಗಳಿಗೆ ಇದರ ಬದಲು ಒಂದೇ ಬಾರಿ ಬಳಸುವ ವಿಶೇಷ ಮೊಳೆ ಬರುತ್ತದೆ. ಯಾವುದು ಬಂದಿದೆಯೋ ಅದನ್ನೇ ಬಳಸಬೇಕು. ಹಳೆಯ ಮೊಳೆಯನ್ನು ಮರಳಿ ಬಡಿಯಬಾರದು.

ಹಿಂದಿನ ಗೇರನ್ನು ಅತಿ ಚಿಕ್ಕ ಚಕ್ರಕ್ಕೆ ತಂದು ಸರಪಳಿಯನ್ನು ಹಾಯಿಸಬೇಕು. ಅಕ್ಷರಗಳು ಕೊರೆದಿರುವ ಮಗ್ಗುಲು ಹೊರಗಡೆಗೆ ಕಾಣಬೇಕು. ಡಿರೈಲರಿನ ಎರಡು ಪುಟ್ಟ ಚಕ್ರಗಳ ನಡುವೆ ಸಣ್ಣದೊಂದು ಅಡ್ಡತಗಡು ಇರುವುದುಂಟು. ಸರಪಳಿ ಅದರ ಒಳಮಗ್ಗುಲಿನಿಂದ ಹೋಗಬೇಕು. ಹೊರಗಿನಿಂದ ಹೋದರೆ ಗರಗರ ಸದ್ದಾಗಿ ತಪ್ಪು ತಾನೇ ತಿಳಿಯುತ್ತದೆ. ಕ್ವಿಕ್ ಲಿಂಕಿನ ಎರಡು ಭಾಗಗಳನ್ನು ಎದುರುಬದುರಾಗಿ ತೂರಿಸಿ, ಪೆಡಲನ್ನು ತಿರುಗಿಸಿ ಆ ಕೊಂಡಿಯನ್ನು ಮೇಲಿನ ಎಳೆಯ ನಡುವಿಗೆ ತರಬೇಕು. ಹಿಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಪೆಡಲನ್ನು ಒತ್ತಿದರೆ ‘ಟಕ್’ ಎಂದು ಕೂಡಿಕೊಳ್ಳುತ್ತದೆ. ತೆಳುವಾದ ಸರಪಳಿಗಳ ಕ್ವಿಕ್ ಲಿಂಕು ಬಹುಪಾಲು ಒಂದೇ ಬಾರಿಯ ಬಳಕೆಗೆ ಮೀಸಲು.

ಕೊನೆಗೆ ಹಿಂದಿನ ಗಾಲಿಯನ್ನು ಎತ್ತಿ, ಪೆಡಲನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಪ್ರತಿಯೊಂದು ಗೇರನ್ನೂ ನೋಡಬೇಕು. ಅತಿ ದೊಡ್ಡ ಚಕ್ರಗಳಲ್ಲಿ ಡಿರೈಲರಿನ ತೋಳು ಪೂರ್ತಿ ಸೆಟೆಯದೆ ತುಸು ಬಾಗಿರಬೇಕು. ಅತಿ ಚಿಕ್ಕವುಗಳಲ್ಲಿ ಸರಪಳಿ ಜೋಲಬಾರದು. ಎಲ್ಲಾದರೂ ಕೊಂಡಿ ಗಡುಸಾಗಿದ್ದರೆ ಅಡ್ಡಡ್ಡವಾಗಿ ಮೆಲ್ಲನೆ ಬಾಗಿಸಿ ಸಡಿಲಿಸಬೇಕು.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಶೇಕಡಾವಾರು ಪಾಠ ಮಾಡುವ ದಿನ ಮಕ್ಕಳನ್ನು ಸೈಕಲ್ಲು ನಿಲ್ಲಿಸುವ ಜಾಗಕ್ಕೆ ಕರೆದೊಯ್ದು, ಅಡಿಪಟ್ಟಿಯಿಂದ 24 ಕೊಂಡಿಗಳನ್ನು ಅಳೆಯಿಸಿರಿ. ಅರ್ಧ ಅಂಗುಲದ ಕೊಂಡಿಯೆಂಬುದು ಎಲ್ಲ ಸೈಕಲ್ಲುಗಳಿಗೂ ಸಮಾನವಾದ್ದರಿಂದ ಗೇರಿಲ್ಲದ ಸೈಕಲ್ಲಿಗೂ ಈ ಪರೀಕ್ಷೆ ಸಲ್ಲುತ್ತದೆ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗೆ ಏನಾದರೂ ಕೊಡಬಯಸಿದಲ್ಲಿ ಒಂದು ಚೈನ್ ಕಟರೂ ನಾಲ್ಕು ಉಕ್ಕಿನ ಅಡಿಪಟ್ಟಿಗಳೂ ಚಿಕ್ಕ ಕಾಣಿಕೆಯೇನಲ್ಲ.

ಮಗನ ಕೈ ಗುಣವಾದ ಮೇಲೆ ಸರಪಳಿಯನ್ನು ನಾವಿಬ್ಬರೂ ಸೇರಿಯೇ ಹಾಕಿದೆವು. ಕಟರನ್ನು ತಿರುಗಿಸುವ ಮುನ್ನ ಅವನು ನನ್ನನ್ನು ತಡೆದು, “ಅಪ್ಪಾ, ಇನ್ನೊಂದು ಸಲ ಎಣಿಸೋಣ” ಎಂದನು. ಎಣಿಸಿದೆವು. ಆ ಸರಪಳಿ ಅದೇ ಏರಿನಲ್ಲಿ ಅವನನ್ನು ಹಲವು ಬಾರಿ ಹತ್ತಿಸಿದೆ.