ಹನ್ನೊಂದಾದರೂ ಮುಗಿಯದ ಪಂದ್ಯ: ಪ್ರೇಕ್ಷಕನ ಹೊತ್ತಿನ ಲೆಕ್ಕ ಇಡುವವರಾರು?

ಏಪ್ರಿಲ್ ತಿಂಗಳು ಬಂತೆಂದರೆ ಹೊಸೂರು ಸೀಮೆಯ ಕನ್ನಡ ಮನೆಗಳಲ್ಲಿ ಎರಡು ಪರೀಕ್ಷೆಗಳು ಒಟ್ಟಿಗೇ ನಡೆಯುತ್ತವೆ. ಒಂದು ಮಕ್ಕಳ ವಾರ್ಷಿಕ ಪರೀಕ್ಷೆ. ಇನ್ನೊಂದು ಐಪಿಎಲ್ ನೋಡುವವರ ತಾಳ್ಮೆಯ ಪರೀಕ್ಷೆ. ನಮ್ಮ ಅವಲಪಲ್ಲಿಯಿಂದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಸುಮಾರು 40 ಕಿಲೋಮೀಟರ್. ಸಂಜೆ 7:30ಕ್ಕೆ ಆರಂಭವಾಗುವ ಪಂದ್ಯ ನಿಯಮದ ಲೆಕ್ಕದಂತೆ 10:50ಕ್ಕೆ ಮುಗಿಯಬೇಕು. ಹನ್ನೊಂದು ದಾಟಿ ಕಾಲು ಗಂಟೆ, ಅರ್ಧ ಗಂಟೆ ಕಳೆದರೂ ಕೊನೆಯ ಓವರಿಗೆ ಯಾರನ್ನು ಕರೆಯುವುದೆಂದು ನಾಯಕನೂ ಬೌಲರನೂ ಸಮಾಲೋಚಿಸುತ್ತಾ ನಿಂತಿರುವುದು ಈಗ ವಿಶೇಷವೆನಿಸುವುದಿಲ್ಲ. ಪಂದ್ಯ ಮುಗಿಸಿಕೊಂಡು ಅತ್ತಿಬೆಲೆ ಗಡಿ ದಾಟಿ ಮನೆ ಸೇರಿ, ಬೆಳಗಾಗುವ ಮೊದಲೇ ಎದ್ದು ಸಿಪ್ಕಾಟ್ ಕಾರ್ಖಾನೆಯ ಪಾಳಿಗೆ ಹೊರಡಬೇಕಾದ ಯುವಕನಿಗೆ ಈ ಅರ್ಧ ಗಂಟೆ ಸಣ್ಣದಲ್ಲ. ದೂರದರ್ಶನದ ಮುಂದೆ ಕುಳಿತ ಮಗುವಿಗಂತೂ ಅದು ನಿದ್ದೆಯಿಂದಲೇ ಕಡಿತವಾಗುವ ಹೊತ್ತು. ಮರುದಿನ ಮೊದಲನೆಯ ಪಾಠದ ಅವಧಿಯಲ್ಲಿ ಅದರ ಪರಿಣಾಮವನ್ನು ಉಪಾಧ್ಯಾಯರಾದ ನಾವು ಕಾಣುತ್ತೇವೆ.

‘ನಿಧಾನಗತಿಯ ಓವರ್’ ಎಂದು ಪತ್ರಿಕೆಗಳು ಬರೆಯುವ ಈ ದೋಷವನ್ನು ಮೊದಲು ಲೆಕ್ಕ ಹಾಕಿ ನೋಡಬೇಕು. ಐಪಿಎಲ್ ನಿಯಮದಂತೆ ಒಂದು ಇನಿಂಗ್ಸಿನ 20 ಓವರುಗಳಿಗೆ 90 ನಿಮಿಷ. ಅದರಲ್ಲಿ ತಲಾ ಎರಡೂವರೆ ನಿಮಿಷದ ಎರಡು ವಿರಾಮಗಳು, ಅಂದರೆ ‘ಟೈಮ್ ಔಟ್’ಗಳು, ಸೇರಿವೆ. ಅವನ್ನು ಕಳೆದರೆ ಉಳಿಯುವುದು 85 ನಿಮಿಷ, ಎಂದರೆ 5,100 ಸೆಕೆಂಡು. ಇಪ್ಪತ್ತರಿಂದ ಭಾಗಿಸಿದರೆ ಓವರಿಗೆ 255 ಸೆಕೆಂಡು, ನಾಲ್ಕೂಕಾಲು ನಿಮಿಷ. ಬೌಲರ್ ಓಡಿ ಬಂದು ಎಸೆದು, ಆ ಚೆಂಡಿನ ಆಟ ಮುಗಿಯುವುದಕ್ಕೆ ಹತ್ತು ಸೆಕೆಂಡು ಎಂದು ಧಾರಾಳವಾಗಿಯೇ ಹಿಡಿಯೋಣ. ಆರು ಎಸೆತಕ್ಕೆ ಒಂದು ನಿಮಿಷವಾಯಿತು. ಚೆಂಡು ಹಿಂದಿರುಗುವುದಕ್ಕೆ, ಕ್ಷೇತ್ರರಕ್ಷಕರು ಜಾಗ ಬದಲಿಸುವುದಕ್ಕೆ, ಬ್ಯಾಟರ್ ಕೈಗವಸು ಸರಿಪಡಿಸಿಕೊಳ್ಳುವುದಕ್ಕೆ ಇನ್ನೂ ಮೂರೂಕಾಲು ನಿಮಿಷ ಉಳಿದಿದೆ. ಇದು ಸಾಲದ ಹೊತ್ತೇನೂ ಅಲ್ಲ. ಆದರೆ ಪ್ರತಿಯೊಂದು ಎಸೆತಕ್ಕೂ ಹತ್ತೇ ಸೆಕೆಂಡು ಹೆಚ್ಚಾಗಿ ತಗುಲಿದರೆ 120 ಎಸೆತಗಳಲ್ಲಿ 20 ನಿಮಿಷ, ಎರಡು ಇನಿಂಗ್ಸಿಗೆ 40 ನಿಮಿಷ ಸೋರಿಹೋಗುತ್ತದೆ. ಹೀಗೆ ಹನಿಹನಿಯಾಗಿ ಸೋರುವುದರಿಂದಲೇ ಯಾರ ಮೇಲೂ ನೇರವಾಗಿ ಬೆರಳು ತೋರಿಸುವುದು ಕಷ್ಟ.

ನಿಧಾನವಾದ ಆಟ ಬೇರೆ, ಆಟವೇ ಇಲ್ಲದ ಹೊತ್ತು ಬೇರೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಬಾಪು ನಾಡಕರ್ಣಿಯವರು 32 ಓವರ್ ಎಸೆದು ಕೊಟ್ಟ ರನ್ ಕೇವಲ 5. ಅದರಲ್ಲಿ 27 ಮೇಡನ್; ಒಂದರ ಹಿಂದೆ ಒಂದರಂತೆ 21 ಓವರುಗಳಲ್ಲಿ ಒಂದು ರನ್ನೂ ಬರಲಿಲ್ಲ. ಇಂದಿನ ಪ್ರೇಕ್ಷಕ ಅದನ್ನು ಬೇಸರವೆಂದಾನು. ಆದರೂ ಅಲ್ಲಿ ಎಸೆತದ ಹಿಂದೆ ಎಸೆತ ಬೀಳುತ್ತಿತ್ತು, ಒಬ್ಬ ಎಸೆಯುತ್ತಿದ್ದ, ಇನ್ನೊಬ್ಬ ತಡೆಯುತ್ತಿದ್ದ. ಎಪ್ಪತ್ತರ ದಶಕದಲ್ಲಿ ಪ್ರಸನ್ನ, ಚಂದ್ರಶೇಖರ್, ಬೇಡಿ, ವೆಂಕಟರಾಘವನ್ ಎಂಬ ನಾಲ್ವರು ಸ್ಪಿನ್ನರುಗಳ ಕಾಲದಲ್ಲಿಯೂ ಓವರಿನ ಗತಿ ತೊಡಕಾಗಿರಲಿಲ್ಲ. (ನಾಲ್ವರಲ್ಲಿ ಇಬ್ಬರು ಕರ್ನಾಟಕದವರು, ಒಬ್ಬರು ತಮಿಳುನಾಡಿನವರು; ಗಡಿಯಲ್ಲಿರುವ ನಮಗೆ ಮೂವರೂ ನೆರೆಯವರೇ.) ನಾಲ್ಕು ಹೆಜ್ಜೆ ಇಟ್ಟು ಎಸೆಯುವವನಿಗೆ ಹಿಂದಿರುಗಿ ನಡೆಯುವ ದೂರವೂ ಕಡಿಮೆ. ವೇಗದ ಬೌಲರುಗಳನ್ನೇ ನಂಬಿದ ತಂಡಗಳು ಪ್ರಬಲವಾದ ಮೇಲೆ ಗತಿ ಕುಸಿಯಿತು. ಟೆಸ್ಟ್ ಪಂದ್ಯದಲ್ಲಿ ದಿನಕ್ಕೆ ಕನಿಷ್ಠ 90 ಓವರ್ ಎಂಬ ನಿಯಮ ಬಂತು. ಆರು ಗಂಟೆಯ ಆಟಕ್ಕೆ ಗಂಟೆಗೆ 15 ಓವರ್. ಹೆಚ್ಚುವರಿ ಅರ್ಧ ಗಂಟೆ ಕೊಟ್ಟರೂ ಈ ಲೆಕ್ಕ ತುಂಬದ ದಿನಗಳು ಬಹಳ.

ಇದೇ ರೋಗ ಅಮೆರಿಕದ ಬೇಸ್‌ಬಾಲ್ ಆಟಕ್ಕೂ ಹತ್ತಿತ್ತು. ಅಲ್ಲಿಯ ಆಟದಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಒಂಬತ್ತು ಸರದಿಗಳ ಆಟ. ಗಡಿಯಾರವೇ ಇಲ್ಲದ ಆಟವೆಂಬುದು ಅದರ ಅಭಿಮಾನಿಗಳ ಹೆಮ್ಮೆಯೂ ಆಗಿತ್ತು. ಆದರೆ ಪಿಚರ್ ಚೆಂಡನ್ನು ಉಜ್ಜುತ್ತಾ ನಿಲ್ಲುವುದು, ಬ್ಯಾಟರ್ ಪ್ರತಿ ಎಸೆತಕ್ಕೂ ಹೊರಗೆ ಹೋಗಿ ಕೈಗವಸು ಬಿಗಿಯುವುದು ಬೆಳೆದು ಬೆಳೆದು, 2021ರಲ್ಲಿ ವೃತ್ತಿಪರ ಪಂದ್ಯದ ಸರಾಸರಿ ಅವಧಿ 3 ಗಂಟೆ 10 ನಿಮಿಷಕ್ಕೆ ಮುಟ್ಟಿತು. ಜನ ಗೊಣಗಿದರು, ಎದ್ದು ಹೋದರು. 2023ರಲ್ಲಿ ಮೈದಾನಕ್ಕೆ ಗಡಿಯಾರ ಬಂತು. ಆ ವರ್ಷದ ನಿಯಮದಂತೆ ಓಟಗಾರರು ಬೇಸುಗಳಲ್ಲಿ ಇಲ್ಲದಿದ್ದಾಗ 15 ಸೆಕೆಂಡು, ಇದ್ದಾಗ 20 ಸೆಕೆಂಡಿನೊಳಗೆ ಪಿಚರ್ ಎಸೆತ ಆರಂಭಿಸಬೇಕಿತ್ತು. 8 ಸೆಕೆಂಡು ಉಳಿದಿರುವಾಗಲೇ ಬ್ಯಾಟರ್ ಸಿದ್ಧನಾಗಿ ನಿಂತಿರಬೇಕು. ತಪ್ಪಿದರೆ ದಂಡದ ಹಣವಲ್ಲ, ಆಟದೊಳಗೇ ಶಿಕ್ಷೆ: ಪಿಚರನದು ತಪ್ಪಾದರೆ ಎದುರಾಳಿಗೆ ಒಂದು ‘ಬಾಲ್’ ಲಾಭ, ಬ್ಯಾಟರನದಾದರೆ ಅವನ ಮೇಲೆ ಒಂದು ‘ಸ್ಟ್ರೈಕ್’. ಆ ವರ್ಷದ ಫೆಬ್ರುವರಿಯಲ್ಲಿ ನಡೆದ ಒಂದು ಅಭ್ಯಾಸ ಪಂದ್ಯದಲ್ಲಿ ಅಂಕ 6–6 ಆಗಿದ್ದಾಗ, ಕೊನೆಯ ಬ್ಯಾಟರ್ ಹೊತ್ತಿಗೆ ಸಿದ್ಧನಾಗಲಿಲ್ಲವೆಂದು ಮೂರನೆಯ ಸ್ಟ್ರೈಕ್ ಕೊಟ್ಟು ಆಟವನ್ನೇ ಮುಗಿಸಿಬಿಟ್ಟರು. ಗದ್ದಲವಾಯಿತು. ಆದರೆ ನಿಯಮ ಸಡಿಲವಾಗಲಿಲ್ಲ.

ಫಲವೇನು? 2022ರಲ್ಲಿ 3 ಗಂಟೆ ದಾಟುತ್ತಿದ್ದ ಸರಾಸರಿ ಪಂದ್ಯ 2023ರಲ್ಲಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಮೈದಾನಕ್ಕೆ ಬಂದವರ ಸಂಖ್ಯೆ ಶೇಕಡಾ 9ಕ್ಕಿಂತ ಹೆಚ್ಚು ಏರಿ 7 ಕೋಟಿ ದಾಟಿತು. ಏಳನೆಯ ಸರದಿಗೆ ಬಿಯರ್ ಮಾರಾಟ ನಿಲ್ಲಿಸುತ್ತಿದ್ದ ಕೆಲವು ಕ್ರೀಡಾಂಗಣಗಳು ವ್ಯಾಪಾರ ಕುಗ್ಗೀತೆಂದು ಎಂಟನೆಯ ಸರದಿಯವರೆಗೂ ಮಾರತೊಡಗಿದವು. ಹೊತ್ತಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿದೆ ಎಂದಾಯಿತು!

ಕ್ರಿಕೆಟ್ಟಿನ ಅಂತರರಾಷ್ಟ್ರೀಯ ಮಂಡಳಿ ಐಸಿಸಿಯೂ ಗಡಿಯಾರದ ದಾರಿ ಹಿಡಿದಿದೆ. 2023ರ ಡಿಸೆಂಬರಿನಲ್ಲಿ ಪ್ರಯೋಗವಾಗಿ ಆರಂಭಿಸಿ, 2024ರ ಜೂನಿನಿಂದ ಏಕದಿನ ಮತ್ತು ಟಿ20 ಅಂತರರಾಷ್ಟ್ರೀಯ ಪಂದ್ಯಗಳಿಗೆ, 2025ರಲ್ಲಿ ಟೆಸ್ಟಿಗೂ ಅದನ್ನು ನಿಯಮವಾಗಿಸಿತು. ಒಂದು ಓವರ್ ಮುಗಿದ 60 ಸೆಕೆಂಡುಗಳೊಳಗೆ ಮುಂದಿನ ಓವರಿಗೆ ಸಿದ್ಧರಾಗಬೇಕು. ಎರಡು ಬಾರಿ ಎಚ್ಚರಿಕೆ. ಮೂರನೆಯ ಬಾರಿಗೆ ಎದುರಾಳಿಗೆ 5 ರನ್. 2024ರ ಜೂನ್ 12ರಂದು ನ್ಯೂಯಾರ್ಕ್ ಬಳಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಭಾರತಕ್ಕೆ 30 ಎಸೆತಗಳಲ್ಲಿ 35 ರನ್ ಬೇಕಿತ್ತು. ಎದುರಾಳಿ ಮೂರನೆಯ ಸಲ ತಡ ಮಾಡಿದ್ದರಿಂದ, ಒಂದು ಎಸೆತವನ್ನೂ ಆಡದೆ ಅದು 30 ಎಸೆತಗಳಲ್ಲಿ 30 ರನ್ ಎಂದಾಯಿತು. ತಡ ಮಾಡಿದವರು ಯಾರು? ಬೇಸ್‌ಬಾಲಿಗೆ ಗಡಿಯಾರ ಕಟ್ಟಿದ ಅಮೆರಿಕದವರೇ. (ಚಿಕ್ಕಮಗಳೂರು ಮೂಲದ ನೊಸ್ತುಷ್ ಕೆಂಜಿಗೆ ಆ ಬಳಗದಲ್ಲಿದ್ದರೂ ಅಂದಿನ ಹನ್ನೊಂದರಲ್ಲಿ ಆಡಲಿಲ್ಲ.)

ಐಪಿಎಲ್ ಬಹುಕಾಲ ನೆಚ್ಚಿಕೊಂಡದ್ದು ಹಣದ ದಂಡವನ್ನು. ಮೊದಲ ತಪ್ಪಿಗೆ ನಾಯಕನಿಗೆ 12 ಲಕ್ಷ ರೂಪಾಯಿ, ಎರಡನೆಯದಕ್ಕೆ 24 ಲಕ್ಷ, ಮೂರನೆಯದಕ್ಕೆ 30 ಲಕ್ಷ ಮತ್ತು ಒಂದು ಪಂದ್ಯದ ನಿಷೇಧ. 2023ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಲಖನೌ ವಿರುದ್ಧದ ಪಂದ್ಯಕ್ಕಾಗಿ ಬೆಂಗಳೂರು ತಂಡದ ನಾಯಕ ಫಾಫ್ ಡು ಪ್ಲೆಸಿ 12 ಲಕ್ಷ ತೆತ್ತರು. ಅದೇ ತಿಂಗಳ 23ರಂದು, ಅದೇ ಮೈದಾನದಲ್ಲಿ, ರಾಜಸ್ಥಾನದ ವಿರುದ್ಧ ಅದೇ ತಪ್ಪು; ಅಂದು ನಾಯಕತ್ವ ವಹಿಸಿದ್ದ ವಿರಾಟ್ ಕೊಹ್ಲಿಯವರಿಗೆ 24 ಲಕ್ಷ. ಹದಿಮೂರು ದಿನಗಳಲ್ಲಿ ದಂಡ ಏನನ್ನೂ ಕಲಿಸಲಿಲ್ಲ. ಕೋಟಿಗಳಲ್ಲಿ ಸಂಭಾವನೆ ಪಡೆಯುವವರಿಗೆ ಲಕ್ಷಗಳ ದಂಡ ಎಂಥ ಭಯ ಹುಟ್ಟಿಸೀತು?

ನಿಷೇಧದ ಕತೆ ಇನ್ನೂ ವಿಚಿತ್ರ. 2024ರ ಮೇ 12ರಂದು ಡೆಲ್ಲಿ ತಂಡ ಚಿನ್ನಸ್ವಾಮಿಗೆ ಬಂದಾಗ ಅದರ ನಾಯಕ ರಿಷಭ್ ಪಂತ್ ಮೂರನೆಯ ತಪ್ಪಿಗಾಗಿ ಹೊರಗಿದ್ದರು. 2025ರ ಮಾರ್ಚ್ 23ರಂದು ಚೆನ್ನೈನ ಚೆಪಾಕಿನಲ್ಲಿ ಮುಂಬೈ ತಂಡದ ಹಾರ್ದಿಕ್ ಪಾಂಡ್ಯ, ಹಿಂದಿನ ವರ್ಷದ ನಿಧಾನಗತಿಗಾಗಿ ಆಡಲಿಲ್ಲ. ಟಿಕೆಟ್ ಕೊಂಡು ಅವರ ಆಟ ನೋಡಲು ಬಂದವನು ಬೇರೆಲ್ಲೋ ನಡೆದ ವಿಳಂಬಕ್ಕೆ ಇಲ್ಲಿ ಬೆಲೆ ತೆತ್ತಂತಾಯಿತು. 2025ರ ಋತುವಿನಲ್ಲಿ ಈ ನಿಷೇಧವನ್ನು ಕೈಬಿಟ್ಟು ದೋಷಾಂಕಗಳ ಪದ್ಧತಿ ತಂದದ್ದು ಒಂದು ರೀತಿಯಲ್ಲಿ ಸರಿಯೇ. ನನ್ನ ಅಭಿಪ್ರಾಯದಲ್ಲಿ ಈ ಎಲ್ಲಕ್ಕಿಂತ ಸಮರ್ಪಕವಾದದ್ದು ಮೈದಾನದಲ್ಲೇ ವಿಧಿಸುವ ಶಿಕ್ಷೆ: ಕೊನೆಯ ಓವರ್ ನಿಗದಿತ ಹೊತ್ತಿಗೆ ಆರಂಭವಾಗದಿದ್ದರೆ ವೃತ್ತದ ಹೊರಗೆ ಐವರ ಬದಲು ನಾಲ್ವರೇ ಕ್ಷೇತ್ರರಕ್ಷಕರು. ಬೌಂಡರಿಯಲ್ಲಿ ಒಬ್ಬ ಕಡಿಮೆಯಾದರೆ ನಾಯಕನ ಕಾಲು ತಾನಾಗಿಯೇ ಚುರುಕಾಗುತ್ತದೆ.

ಅಂಕಕ್ಕೆ ಕೈ ಹಾಕಿದರೆ ಏನಾಗುತ್ತದೆಂಬುದಕ್ಕೆ ಆಸ್ಟ್ರೇಲಿಯಾ ಸಾಕ್ಷಿ. 2020ರ ಡಿಸೆಂಬರಿನಲ್ಲಿ ಮೆಲ್ಬರ್ನಿನಲ್ಲಿ ಭಾರತದ ವಿರುದ್ಧ ಎರಡು ಓವರ್ ಹಿಂದೆ ಬಿದ್ದುದಕ್ಕಾಗಿ ಆ ತಂಡದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಲೆಕ್ಕದಿಂದ 4 ಅಂಕ ಕಡಿದರು. ಕೊನೆಯಲ್ಲಿ ನ್ಯೂಜಿಲೆಂಡ್ ಶೇಕಡಾ 70, ಆಸ್ಟ್ರೇಲಿಯಾ 69.2. ಆ ನಾಲ್ಕು ಅಂಕಗಳಿದ್ದಿದ್ದರೆ ಇಬ್ಬರೂ ಸಮ. 2021ರ ಜೂನಿನ ಫೈನಲಿನಲ್ಲಿ ಭಾರತವನ್ನು ಎದುರಿಸಿದ್ದು, ಗೆದ್ದದ್ದು ನ್ಯೂಜಿಲೆಂಡ್. ಇಂಥ ದಂಡಗಳನ್ನು ವಿಧಿಸುವ ರೆಫರಿಗಳ ಸಾಲಿನಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್ ಅವರೂ ಇದ್ದಾರೆ. ಉದ್ದನೆಯ ಓಟದ ವೇಗದ ಬೌಲರ್ ಈಗ ಇತರರ ನಿಮಿಷಗಳನ್ನು ಎಣಿಸಬೇಕಾಗಿದೆ.

ಆಟಗಾರರನ್ನೇ ಪೂರ್ತಿ ದೂರುವುದು ನ್ಯಾಯವಲ್ಲ. ಮಂಜು ಬಿದ್ದು ಒದ್ದೆಯಾದ ಚೆಂಡನ್ನು ಒರೆಸದೆ ಎಸೆಯಲಾಗದು. ಇಕ್ಕಟ್ಟಿನ ಹೊತ್ತಿನಲ್ಲಿ ಯೋಚಿಸಲು ನಾಯಕನಿಗೆ ಕ್ಷಣಗಳು ಬೇಕು, ಆ ಕಾತರವನ್ನು ನೋಡುವವನೂ ಬಯಸುತ್ತಾನೆ. ಅವಸರದಲ್ಲಿಯೂ ಕಠೋರತೆಯುಂಟು. 2023ರ ವಿಶ್ವಕಪ್ಪಿನಲ್ಲಿ ಹೆಲ್ಮೆಟ್ಟಿನ ಪಟ್ಟಿ ಕಿತ್ತುಬಂದ ಏಂಜಲೊ ಮ್ಯಾಥ್ಯೂಸ್ ಎರಡು ನಿಮಿಷದೊಳಗೆ ಆಡಲು ಸಿದ್ಧರಾಗಲಿಲ್ಲವೆಂದು ಒಂದೂ ಎಸೆತ ಎದುರಿಸದೆ ಔಟಾದುದನ್ನು ನೋಡಿ ಮನಸ್ಸು ಕಸಿವಿಸಿಯಾಗದವರು ಕಡಿಮೆ.

ಆದರೆ ವಿಳಂಬದ ಇನ್ನೊಂದು ಪಾಲು ಆಟಗಾರರದೇ ಅಲ್ಲ. ಪಂದ್ಯಕ್ಕೆ ನಾಲ್ಕು ಟೈಮ್ ಔಟುಗಳು ಸೇರಿ ಹತ್ತು ನಿಮಿಷ; ಪರದೆಯ ಮೇಲೆ ಆ ಹೊತ್ತೆಲ್ಲ ಜಾಹೀರಾತು. 2023ರಿಂದ ಐಪಿಎಲ್‌ನಲ್ಲಿ ವೈಡ್, ನೋಬಾಲುಗಳಿಗೂ ಮೂರನೆಯ ಅಂಪೈರ್ ಬಳಿ ಮರುಪರಿಶೀಲನೆ ಕೇಳಬಹುದು. ಗಾಯ, ಮರುಪರಿಶೀಲನೆ ಮುಂತಾದವುಗಳಿಗೆ ತಗುಲಿದ ಹೊತ್ತನ್ನು ನಾಯಕನ ಲೆಕ್ಕದಿಂದ ಅಂಪೈರುಗಳು ಬಿಟ್ಟುಬಿಡುತ್ತಾರೆ. ನಾಯಕನ ಮಟ್ಟಿಗೆ ಅದು ನ್ಯಾಯ. ಪ್ರೇಕ್ಷಕನಿಗೆ ಅಂಥ ರಿಯಾಯಿತಿ ಯಾವುದೂ ಇಲ್ಲ. ನಿಯಮದ ಪುಸ್ತಕದಲ್ಲಿ ಪಂದ್ಯ ಸಕಾಲಕ್ಕೆ ಮುಗಿದಿರುತ್ತದೆ, ಗೋಡೆಯ ಗಡಿಯಾರದಲ್ಲಿ 11:20 ಆಗಿರುತ್ತದೆ. ಅಮೆರಿಕದಲ್ಲಿ ಆಟದ ಒಡೆಯರು ಎಣಿಸಿದ್ದು ಗೋಡೆಯ ಗಡಿಯಾರವನ್ನು. ಇಲ್ಲಿ ನಾವು ಎಣಿಸುತ್ತಿರುವುದು ನಾಯಕನ ತಪ್ಪನ್ನು ಮಾತ್ರ.

2025ರ ಜೂನ್ 4ರಂದು ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮೇಲೆ ಪ್ರೇಕ್ಷಕರ ಸುರಕ್ಷತೆಯ ಮಾತು ಗಂಭೀರವಾಗಿ ನಡೆದಿದೆ. ಸಾವಿರಾರು ಜನ ಯಾವ ಹೊತ್ತಿಗೆ ಹೊರಬೀಳುತ್ತಾರೆ, ಹೊರಬಿದ್ದವರಿಗೆ ವಾಹನವಿದೆಯೇ ಎಂಬುದೂ ಆ ಮಾತಿನೊಳಗೆ ಬರಬೇಕು. ಪಂದ್ಯದ ದಿನಗಳಲ್ಲಿ ನಗರದೊಳಗೆ ಮೆಟ್ರೋ ಹೊತ್ತು ಮೀರಿ ಓಡುವುದುಂಟು, ವಿಶೇಷ ಬಸ್ಸುಗಳೂ ಉಂಟು. 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂದಿದೆ; ಅಲ್ಲಿಂದ ಹೊಸೂರಿಗೆ ಬಸ್ಸನ್ನೇ ಕಾಯಬೇಕು. ಟಿಕೆಟಿನ ಮೇಲೆ ಆರಂಭದ ಹೊತ್ತಿನ ಪಕ್ಕದಲ್ಲಿ ಮುಗಿಯಬೇಕಾದ ಹೊತ್ತನ್ನೂ ಅಚ್ಚು ಮಾಡಿ, ಪ್ರತಿ ಪಂದ್ಯ ನಿಜವಾಗಿ ಮುಗಿದ ಹೊತ್ತನ್ನು ಋತುವಿನ ಕೊನೆಗೆ ಪ್ರಕಟಿಸುವಂತೆ ಸಂಘಟಕರನ್ನು ಕೇಳುವುದಕ್ಕೆ ನಮ್ಮ ಊರುಗಳ ಯುವಕ ಸಂಘಗಳಿಗೆ ಯಾವ ಅಡ್ಡಿಯೂ ಇಲ್ಲ. ಹಾಗೆಯೇ ಪಂದ್ಯದ ರಾತ್ರಿಗಳಲ್ಲಿ ಬೊಮ್ಮಸಂದ್ರದಿಂದ ಅತ್ತಿಬೆಲೆ ಮಾರ್ಗವಾಗಿ ಹೊಸೂರಿಗೆ, ಕೊನೆಯ ಮೆಟ್ರೋ ಬಂದ ಮೇಲೆ ಹೊರಡುವಂತೆ ಒಂದೆರಡು ಬಸ್ಸುಗಳನ್ನು ಎರಡೂ ರಾಜ್ಯಗಳ ಸಾರಿಗೆ ಸಂಸ್ಥೆಗಳಲ್ಲಿ ಯಾವುದಾದರೊಂದು ಬಿಡಬೇಕೆಂಬ ಮನವಿಯನ್ನೂ ಜೊತೆಯಲ್ಲೇ ಕೊಡಬಹುದು.