‘ವಯಸ್ಕರಿಗೆ ಮಾತ್ರ’ ಕಾಮಿಕ್ಸ್: ನಗೆಗೆ ಗೆರೆ ಎಳೆಯುವವರು ಯಾರು?

ಮುಖಪುಟದ ಮೇಲೆ ‘ವಯಸ್ಕರಿಗೆ ಮಾತ್ರ’ ಎಂದು ಅಚ್ಚು ಹಾಕಿಬಿಟ್ಟರೆ ಒಳಗೆ ಏನು ಬೇಕಾದರೂ ಬಿಡಿಸಬಹುದೇ? ‘ಸುಮ್ಮನೆ ತಮಾಷೆಗೆ’ ಎಂದರೆ ಎಲ್ಲದಕ್ಕೂ ಮಾಫಿ ಸಿಗುತ್ತದೆಯೇ? ಮೊಬೈಲ್‌ನಲ್ಲಿ ಚಿತ್ರ ಬಿಡಿಸಿ ಆ ಕ್ಷಣವೇ ಲಕ್ಷಾಂತರ ಜನರಿಗೆ ತಲುಪಿಸಬಹುದಾದ ಈ ದಿನಗಳಲ್ಲಿ ಸ್ವತಂತ್ರ ಕಾಮಿಕ್ಸ್ ಕಲಾವಿದರನ್ನು ಕಾಡುವ ಪ್ರಶ್ನೆಯಿದು. ಆದರೆ ಪ್ರಶ್ನೆ ಹೊಸದಲ್ಲ. ಅಮೆರಿಕದ ವ್ಯಂಗ್ಯಚಿತ್ರಕಾರ ರಾಬರ್ಟ್ ಕ್ರಂಬ್ ಅವರ ಸುತ್ತ ಅರ್ಧ ಶತಮಾನದ ಹಿಂದೆ ಎದ್ದ ವಾದ ಇವತ್ತಿಗೂ ಮುಗಿದಿಲ್ಲ.

ಹಿನ್ನೆಲೆ ಏನು?

1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ಕಟ್ಟುಪಾಡು ಹಾಕಿಕೊಂಡರು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆ ಎಂಬ ಕೂಗು ಆಗ ಜೋರಾಗಿತ್ತು. ಕೋಡ್‌ನ ಮುದ್ರೆ ಇಲ್ಲದ ಪುಸ್ತಕವನ್ನು ಮಾರಾಟಕ್ಕೆ ಇಡಲು ವಿತರಕರು ಹಿಂಜರಿಯುತ್ತಿದ್ದರು. ಹೀಗಾಗಿ ದೊಡ್ಡವರಿಗಾಗಿ ಕಾಮಿಕ್ಸ್ ಬರೆಯುವವರಿಗೆ ಬಾಗಿಲು ಮುಚ್ಚಿದಂತಾಯಿತು.

ಶುಭಾಶಯ ಪತ್ರಗಳ ಕಂಪನಿಯಲ್ಲಿ ಚಿತ್ರ ಬಿಡಿಸುತ್ತಿದ್ದ ಕ್ರಂಬ್ 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಮರುವರ್ಷ ‘ಜ್ಯಾಪ್ ಕಾಮಿಕ್ಸ್’ನ ಮೊದಲ ಸಂಚಿಕೆ ಹೊರಬಂತು. ಕೋಡ್ ಇಲ್ಲ, ಸಂಪಾದಕರ ಕತ್ತರಿ ಇಲ್ಲ. ಹಿಪ್ಪಿಗಳ ಅಂಗಡಿಗಳಲ್ಲೂ ಬೀದಿಯಲ್ಲೂ ಮಾರಾಟ. ಲೈಂಗಿಕತೆ, ಮಾದಕ ವಸ್ತು, ಧರ್ಮ, ರಾಜಕೀಯ ಯಾವುದನ್ನೂ ಬಿಡದ ‘ಭೂಗತ ಕಾಮಿಕ್ಸ್’ ಚಳವಳಿ ಬೆಳೆದದ್ದು ಹೀಗೆ.

ಶಿಕ್ಷೆ ಆದದ್ದು ಅಂಗಡಿಯವರಿಗೆ!

1969ರಲ್ಲಿ ಬಂದ ‘ಜ್ಯಾಪ್’ 4ನೇ ಸಂಚಿಕೆಯಲ್ಲಿ ಕ್ರಂಬ್ ‘ಆದರ್ಶ ಅಮೆರಿಕನ್ ಕುಟುಂಬ’ವನ್ನು ಅತ್ಯಂತ ಅಶ್ಲೀಲವಾಗಿ ಅಣಕಿಸಿದ್ದರು. ಅದನ್ನು ಮಾರಿದ್ದಕ್ಕೆ ನ್ಯೂಯಾರ್ಕ್‌ನ ಪುಸ್ತಕದಂಗಡಿಯವರ ಮೇಲೆ ಕೇಸು ಬಿತ್ತು. 1970ರಲ್ಲಿ ಅವರು ತಪ್ಪಿತಸ್ಥರೆಂದು ತೀರ್ಪಾಯಿತು. 1973ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯವೂ ಅದನ್ನೇ ಎತ್ತಿ ಹಿಡಿಯಿತು. ಚಿತ್ರ ಬಿಡಿಸಿದವರು ಬೇರೆ, ದಂಡ ತೆತ್ತವರು ಬೇರೆ.

ಅದೇ 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಮಿಲ್ಲರ್’ ಪ್ರಕರಣದಲ್ಲಿ ಅಶ್ಲೀಲತೆ ಅಳೆಯಲು ಆಯಾ ಸಮುದಾಯದ ಮಾನದಂಡವನ್ನೂ ನೋಡಬಹುದು ಎಂದಿತು. ಅಂದರೆ ಒಂದು ಊರಿನಲ್ಲಿ ನಡೆಯುವ ಪುಸ್ತಕ ಇನ್ನೊಂದು ಊರಿನಲ್ಲಿ ಅಪರಾಧವಾಗಬಹುದು. ಅಂಗಡಿಯವರು ಹೆದರಿದರು, ಭೂಗತ ಕಾಮಿಕ್ಸ್ ಮಾರುಕಟ್ಟೆ ಕುಸಿಯಿತು.

ಟ್ರೀನಾ ರಾಬಿನ್ಸ್ ಕೇಳಿದ ಪ್ರಶ್ನೆ

ಕ್ರಂಬ್‌ಗೆ ಅತ್ಯಂತ ಗಟ್ಟಿಯಾದ ಸವಾಲು ಬಂದದ್ದು ಪೊಲೀಸರಿಂದಲ್ಲ, ಅದೇ ಚಳವಳಿಯ ಕಲಾವಿದೆ ಟ್ರೀನಾ ರಾಬಿನ್ಸ್ ಅವರಿಂದ. ಅವರ ಆಕ್ಷೇಪ ಬೆತ್ತಲೆ ಚಿತ್ರಗಳ ಬಗ್ಗೆ ಇರಲಿಲ್ಲ. ಹೆಣ್ಣಿನ ಮೇಲಿನ ಹಿಂಸೆಯನ್ನು ಹಾಸ್ಯವಾಗಿ ಬಡಿಸುವುದರಲ್ಲಿ ನಗುವಂಥದ್ದು ಏನಿದೆ ಎಂದು ಅವರು ಕೇಳಿದರು. ಹಾಗೆ ಕೇಳಿದ್ದಕ್ಕೆ ‘ಹಾಸ್ಯಪ್ರಜ್ಞೆ ಇಲ್ಲದವಳು’ ಎಂಬ ಮಾತೂ ಬಂತು, ಗಂಡಸರ ಸಂಕಲನಗಳಲ್ಲಿ ಜಾಗವೂ ಸಿಗಲಿಲ್ಲ.

ರಾಬಿನ್ಸ್ ಸುಮ್ಮನೆ ಕೂರಲಿಲ್ಲ. 1970ರಲ್ಲಿ ಮಹಿಳೆಯರೇ ಬಿಡಿಸಿದ ಕಾಮಿಕ್ಸ್ ಪುಸ್ತಕ ಹೊರತಂದರು. 1972ರಲ್ಲಿ ಶುರುವಾದ ‘ವಿಮೆನ್ಸ್ ಕಾಮಿಕ್ಸ್’ ಇಪ್ಪತ್ತು ವರ್ಷ ನಡೆಯಿತು. ಅದರ ಮೊದಲ ಸಂಚಿಕೆಯಲ್ಲೇ ಗರ್ಭಪಾತ ಮತ್ತು ಸಲಿಂಗ ಪ್ರೇಮದ ಕಥೆಗಳಿದ್ದವು. ಅದೂ ವಯಸ್ಕರ ಕಾಮಿಕ್ಸೇ. ಆದರೆ ಅಲ್ಲಿ ಹೆಣ್ಣು ನಗೆಪಾಟಲಿನ ವಸ್ತುವಾಗಿರಲಿಲ್ಲ, ಕಥೆ ಹೇಳುವವಳಾಗಿದ್ದಳು.

ಕ್ರಂಬ್ ಏನೆನ್ನುತ್ತಾರೆ?

ತಲೆಯೊಳಗೆ ಇರುವ ಕೊಳಕನ್ನು ಮುಚ್ಚಿಡದೆ ಕಾಗದಕ್ಕೆ ಇಳಿಸುವುದೇ ತಮ್ಮ ಕೆಲಸ ಎಂಬುದು ಕ್ರಂಬ್ ಅವರ ಸಮರ್ಥನೆ. ಅದು ಆದರ್ಶವಲ್ಲ, ತಪ್ಪೊಪ್ಪಿಗೆ ಎನ್ನುವ ಧಾಟಿ. ಟೆರ್ರಿ ಜ್ವಿಗಾಫ್ ನಿರ್ದೇಶನದ 1994ರ ‘ಕ್ರಂಬ್’ ಸಾಕ್ಷ್ಯಚಿತ್ರದಲ್ಲಿ ಅವರು, ಬಹುಶಃ ತನ್ನ ಪೆನ್ಸಿಲ್‌ಗಳನ್ನೇ ಕಿತ್ತುಕೊಳ್ಳಬೇಕೇನೋ ಎಂಬರ್ಥದಲ್ಲಿ ಮಾತನಾಡುತ್ತಾರೆ.

ಈ ಸಮರ್ಥನೆಯ ಮಿತಿ 1990ರ ದಶಕದಲ್ಲಿ ಎದ್ದು ಕಂಡಿತು. ಜನಾಂಗದ್ವೇಷಿಗಳನ್ನು ಅಣಕಿಸಲು ಕ್ರಂಬ್ ಬಿಡಿಸಿದ ಚಿತ್ರಕಥೆಗಳನ್ನು ಬಿಳಿಯ ಜನಾಂಗವಾದಿಗಳ ಪತ್ರಿಕೆಯೊಂದು ತನ್ನದೇ ಮಾತು ಎಂಬಂತೆ ಮರುಮುದ್ರಿಸಿತು. ಅಣಕ ಅಣಕವಾಗಿ ತಲುಪದೆ ತಿರುಗುಬಾಣವಾಗಿತ್ತು. ಕಲಾವಿದನ ಉದ್ದೇಶ ಪುಟದ ಜೊತೆ ಪ್ರಯಾಣ ಮಾಡುವುದಿಲ್ಲ, ಚಿತ್ರ ಮಾತ್ರ ಮಾಡುತ್ತದೆ.

ಚೌಕಟ್ಟಿನೊಳಗೆ ಎರಡು ಪೆನ್ನು

ಇದೇ ವಾದಕ್ಕೆ ಇನ್ನೊಂದು ಉತ್ತರ ಕ್ರಂಬ್ ಅವರ ಮನೆಯಲ್ಲೇ ಇತ್ತು. ಅವರ ಪತ್ನಿ ಅಲೀನ್ ಕೊಮಿನ್ಸ್ಕಿ ಕ್ರಂಬ್ ಕೂಡ ಕಾಮಿಕ್ಸ್ ಕಲಾವಿದೆ. 1976ರ ‘ಟ್ವಿಸ್ಟೆಡ್ ಸಿಸ್ಟರ್ಸ್’ ಮುಖಪುಟದಲ್ಲಿ ಅವರು ಶೌಚಾಲಯದಲ್ಲಿ ಕೂತ ತಮ್ಮದೇ ಚಿತ್ರ ಬಿಡಿಸಿದರು. ಅವರ ನಗೆ ಮೊದಲು ಕುಟುಕುತ್ತಿದ್ದದ್ದು ಅವರನ್ನೇ.

1970ರ ದಶಕದಲ್ಲಿ ಗಂಡ ಹೆಂಡತಿ ಸೇರಿ ‘ಡರ್ಟಿ ಲಾಂಡ್ರಿ’ ಎಂಬ ಕಾಮಿಕ್ಸ್ ಶುರು ಮಾಡಿದರು. ಒಂದೇ ಚೌಕಟ್ಟಿನಲ್ಲಿ ಅವರವರ ಪಾತ್ರವನ್ನು ಅವರವರೇ ಬಿಡಿಸಿ, ಅವರವರ ಮಾತನ್ನು ಅವರವರೇ ಬರೆಯುವ ಪದ್ಧತಿ. ಅಲ್ಲೂ ಮಲಗುವ ಕೋಣೆಯ ಮಾತಿದೆ, ಪೋಲಿತನವಿದೆ. ಆದರೆ ಗಂಡ ಅತಿಯಾಗಿ ಆಡಿದರೆ ಹೆಂಡತಿಯ ಪೆನ್ನು ಅಲ್ಲೇ ತಿರುಗಿ ಉತ್ತರ ಕೊಡುತ್ತದೆ. ನಗೆಗೆ ಗುರಿಯಾದವರ ಕೈಯಲ್ಲೂ ಪೆನ್ನು ಇದೆಯೇ ಎಂಬುದು ಅಶ್ಲೀಲತೆಯ ಕಾನೂನು ಕೇಳದ ಪ್ರಶ್ನೆ.

ಭಾರತದಲ್ಲಿ ಕಾನೂನು ಹೇಗಿದೆ?

ನಮ್ಮಲ್ಲೂ ಕಾನೂನು ನೋಡುವುದು ಬೇರೆಯದನ್ನೇ. ಅವೀಕ್ ಸರ್ಕಾರ್ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್, ಬ್ರಿಟಿಷರ ಕಾಲದ ‘ಹಿಕ್ಲಿನ್’ ಅಳತೆಗೋಲನ್ನು ಬಿಟ್ಟು ಇಂದಿನ ಸಮಾಜದ ಮಾನದಂಡದಿಂದ ಅಶ್ಲೀಲತೆಯನ್ನು ನೋಡಬೇಕು ಎಂದಿತು. ಬರೀ ಬೆತ್ತಲೆ ಎಂಬ ಕಾರಣಕ್ಕೆ ಚಿತ್ರ ಅಶ್ಲೀಲವಾಗದು ಎಂದೂ ಹೇಳಿತು. ವೆಬ್ ಸರಣಿಯೊಂದರ ಪ್ರಕರಣದಲ್ಲಿ 2024ರಲ್ಲಿ, ಬೈಗುಳದ ಭಾಷೆ ಮತ್ತು ಅಶ್ಲೀಲತೆ ಒಂದೇ ಅಲ್ಲ ಎಂದಿತು.

ಹಾಗೆಂದು ಆನ್‌ಲೈನ್ ಕಲಾವಿದರು ನಿಶ್ಚಿಂತರಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಅಶ್ಲೀಲ ವಿಷಯ ಪ್ರಕಟಿಸಿದರೆ ಮೊದಲ ಬಾರಿಗೇ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಮಕ್ಕಳನ್ನು ಅಶ್ಲೀಲವಾಗಿ ತೋರಿಸುವ ಡಿಜಿಟಲ್ ಚಿತ್ರಕ್ಕೆ 67ಬಿ ಸೆಕ್ಷನ್ ಅಡಿ ಶಿಕ್ಷೆ ಇನ್ನೂ ಕಠಿಣ. ಅಲ್ಲಿ ತಮಾಷೆ ಎಂಬ ನೆಪ ನಡೆಯುವುದಿಲ್ಲ.

ಕೊನೆಗೆ ಉಳಿಯುವುದೇನು?

2018ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ವತಂತ್ರ ಕಾಮಿಕ್ಸ್ ಮೇಳವೊಂದು ತನ್ನ ಪ್ರದರ್ಶನ ಕೊಠಡಿಗೆ ಇಟ್ಟಿದ್ದ ಕ್ರಂಬ್ ಹೆಸರನ್ನು ತೆಗೆಯಿತು. ಅದಕ್ಕೆ ಯಾವ ಕೋರ್ಟೂ ಆದೇಶ ಕೊಟ್ಟಿರಲಿಲ್ಲ. ಕ್ರಂಬ್ ಪುಸ್ತಕಗಳು ಈಗಲೂ ಅಂಗಡಿಯಲ್ಲಿವೆ, ಓದುವವರಿದ್ದಾರೆ. 2022ರಲ್ಲಿ ಅಲೀನ್, 2024ರಲ್ಲಿ ರಾಬಿನ್ಸ್ ತೀರಿಕೊಂಡರು. ಆದರೆ ರಾಬಿನ್ಸ್ ಕೇಳಿದ ಪ್ರಶ್ನೆ ಈಗ ಆ ಕ್ಷೇತ್ರದ ಮಾಮೂಲಿ ಪ್ರಶ್ನೆ.

‘ವಯಸ್ಕರಿಗೆ ಮಾತ್ರ’ ಎಂಬ ಮುದ್ರೆ ಓದುಗರ ವಯಸ್ಸನ್ನು ಹೇಳುತ್ತದೆ, ಅಷ್ಟೇ. ನಗು ಯಾರ ಬೆನ್ನಿನ ಮೇಲೆ ಬೀಳುತ್ತಿದೆ ಎಂಬುದನ್ನು ಪೆನ್ನು ಹಿಡಿದವರೇ ನೋಡಿಕೊಳ್ಳಬೇಕು.