ಎಲೆಕ್ಟ್ರಿಕ್ ಕಾರು: ಕೊಳ್ಳುವ ಬೆಲೆ, ಸಾಕುವ ಬೆಲೆ



ಎಲೆಕ್ಟ್ರಿಕ್ ಕಾರಿಗೆ ಕಿಲೋಮೀಟರಿಗೆ ಒಂದೇ ರೂಪಾಯಿ ಖರ್ಚಂತೆ ಎಂಬ ಮಾತು ಈಗ ನಮ್ಮೂರ ಅರಳಿಕಟ್ಟೆಯಲ್ಲೂ ಕೇಳಿಬರುತ್ತಿದೆ. ಮಾತು ಸುಳ್ಳಲ್ಲ, ಆದರೆ ಅರ್ಧ ಲೆಕ್ಕ. ಎಮ್ಮೆ ಕೊಳ್ಳುವವನಿಗೆ ಹುಲ್ಲಿನ ಖರ್ಚು ಮಾತ್ರ ಹೇಳಿ, ಎಮ್ಮೆಯ ಬೆಲೆ, ಅದಕ್ಕೆ ತಂದ ಸಾಲದ ಬಡ್ಡಿ, ಅದು ಎಷ್ಟು ಸೂಲು ಹಾಲು ಕೊಡುತ್ತದೆ ಎಂಬುದನ್ನು ಬಿಟ್ಟ ಹಾಗೆ. ನಮ್ಮ ಮನೆಯಲ್ಲಿ ಈ ಲೆಕ್ಕ ಸುಮ್ಮನೆ ಬಂದಿದ್ದಲ್ಲ. ನಮ್ಮ ಸೋದರಮಾವ ಕೆಲಸಕ್ಕೆಂದು ದಿನಾ ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರುತ್ತಾರೆ, 40 ಕಿ.ಮೀ. ಕಾರು ಕೊಳ್ಳಬೇಕೆಂದಿದ್ದಾರೆ. ಕಡಿಮೆ ಬಿದ್ದ ಹಣಕ್ಕೆ ಅತ್ತೆಯ ಒಡವೆ ಬ್ಯಾಂಕಿಗೆ ಹೋಗಬೇಕು. ಅತ್ತೆ, "ಲೆಕ್ಕ ತೋರಿಸಿ, ಆಮೇಲೆ ಬೀಗದಕೈ ಕೇಳಿ" ಅಂದರು. ಅದಕ್ಕೇ ನಾನು ಪೆನ್ಸಿಲು ಹಿಡಿದೆ. ಬಡ್ಡಿ ಲೆಕ್ಕಕ್ಕೆ ನಮ್ಮ ಗಣಿತ ಮೇಷ್ಟ್ರು ಸಹಾಯ ಮಾಡಿದರು.

ಮೊದಲು ಉಳಿಯುವುದನ್ನು ನೋಡೋಣ. ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕ್ಲಚ್ ಪ್ಲೇಟು, ಸೈಲೆನ್ಸರು ಎಂದು ಖರ್ಚಿನ ಸಾಲೇ ಇದೆ. ಎಲೆಕ್ಟ್ರಿಕ್ ಕಾರಿನಲ್ಲಿ ಇವು ಯಾವುವೂ ಇಲ್ಲ. ಮೋಟಾರಿನಲ್ಲಿ ತಿರುಗುವ ಭಾಗಗಳೇ ಕಡಿಮೆ. ಬ್ರೇಕ್ ಪ್ಯಾಡು ಕೂಡ ನಿಧಾನವಾಗಿ ಸವೆಯುತ್ತದೆ. ಏಕೆಂದರೆ ಕಾಲು ತೆಗೆದ ಕೂಡಲೇ ಮೋಟಾರೇ ಡೈನಮೊ ಆಗಿ ತಿರುಗಿ, ಗಾಡಿಯ ವೇಗವನ್ನು ತಗ್ಗಿಸಿ, ಬ್ಯಾಟರಿಗೆ ಸ್ವಲ್ಪ ಕರೆಂಟನ್ನು ವಾಪಸು ತುಂಬುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಮೋಟಾರು, ಡೈನಮೊ ಚಿತ್ರ ಅಕ್ಕಪಕ್ಕ ಇರುವುದು ಯಾಕೆ ಅಂತ ನನಗೆ ಆಗ ಅರ್ಥವಾಯಿತು.

ಹಾಗಂತ ಖರ್ಚೇ ಇಲ್ಲ ಅಂದುಕೊಳ್ಳಬೇಡಿ. ಬ್ಯಾಟರಿ ಭಾರದಿಂದ ಕಾರಿನ ತೂಕ ಹೆಚ್ಚು, ಆದ್ದರಿಂದ ಟೈರು ಬೇಗ ಸವೆಯಬಹುದು. ಬ್ರೇಕ್ ಆಯಿಲ್, ಕೂಲೆಂಟು, ಎ.ಸಿ. ಫಿಲ್ಟರ್, ಸಸ್ಪೆನ್ಷನ್ ಎಲ್ಲ ಇದ್ದೇ ಇವೆ. ದೊಡ್ಡ ಬ್ಯಾಟರಿಯ ಜೊತೆಗೆ ದೀಪ, ಹಾರ್ನ್, ಬಾಗಿಲ ಲಾಕಿಗೆಂದು ಒಂದು ಸಣ್ಣ 12 ವೋಲ್ಟ್ ಬ್ಯಾಟರಿಯೂ ಇರುತ್ತದೆ. ಕೆಲವು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಅದು ಕೈಕೊಟ್ಟರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಮಿಸುಕುವುದಿಲ್ಲ! ಎಲ್ಲ ಕೂಡಿಸಿ ಕಳೆದು, ರಿಪೇರಿ ಬಾಬ್ತಿನಲ್ಲಿ ವರ್ಷಕ್ಕೆ 4,000 ರೂಪಾಯಿ ಉಳಿಯುತ್ತದೆ ಎಂದು ನಾನು ಹಿಡಿದಿದ್ದೇನೆ.

ಇನ್ನು ಓಡಿಸುವ ಖರ್ಚು. ಟಾಟಾ ಟಿಯಾಗೋ ಇವಿ 2022ರಲ್ಲಿ ಬಂದಾಗ 19.2 ಮತ್ತು 24 ಯೂನಿಟ್‌ನ ಎರಡು ಬ್ಯಾಟರಿಗಳಲ್ಲಿ ಬಂತು. ಲೆಕ್ಕಕ್ಕೆ 24 ಯೂನಿಟ್‌ನ ಚಿಕ್ಕ ಕಾರು ಎಂದಿಟ್ಟುಕೊಳ್ಳಿ. ಒಂದು ಯೂನಿಟ್‌ಗೆ 7 ಕಿ.ಮೀ. ಅಂದರೂ ತಿಂಗಳ 1,000 ಕಿ.ಮೀ.ಗೆ 143 ಯೂನಿಟ್. ಚಾರ್ಜ್ ಮಾಡುವಾಗ ಬಿಸಿಯಾಗಿ ಕಳೆದುಹೋಗುವುದು ಸೇರಿ 160 ಯೂನಿಟ್ ಅನ್ನಿ. ಯೂನಿಟ್‌ಗೆ 6 ರೂಪಾಯಿಯಂತೆ 960 ರೂಪಾಯಿ. ಅಲ್ಲಿಗೆ ಕಟ್ಟೆಯ ಮಾತು ನಿಜವೇ ಆಯಿತು. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಮೈಲೇಜು 16 ಕಿ.ಮೀ. ಎಂದು ಹಿಡಿದರೆ ಅದೇ ದೂರಕ್ಕೆ 6,250 ರೂಪಾಯಿ ಬೇಕು.

ಆದರೆ ಇಲ್ಲಿ ನಮ್ಮ ಕರ್ನಾಟಕದವರು ನೋಡಲೇಬೇಕಾದ ಒಂದು ಸಂಗತಿ ಇದೆ. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನೂರಕ್ಕೆ 10 ಸೇರಿಸಿ ಉಚಿತ ಕೊಡುತ್ತಾರೆ. ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. ಮಾವನ ಮನೆಗೆ ಈಗ 80 ಯೂನಿಟ್ ಬರುತ್ತದೆ, ಬಿಲ್ಲು ಸೊನ್ನೆ. ಕಾರಿನ 160 ಸೇರಿದರೆ 240. ಆಗ ಕಾರಿನ ಕರೆಂಟಿಗಷ್ಟೇ ಅಲ್ಲ, ಇದುವರೆಗೂ ಪುಕ್ಕಟೆ ಉರಿಯುತ್ತಿದ್ದ ಬಲ್ಬು, ಮಿಕ್ಸಿಗೂ ದುಡ್ಡು. ಲೋಡು ಹೆಚ್ಚಿಸಿದ್ದಕ್ಕೆ ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ತಿಂಗಳಿಗೆ 2,000 ಅನ್ನಿ. ಒಂದು ರೂಪಾಯಿಯ ಕಿಲೋಮೀಟರು ಎರಡು ರೂಪಾಯಿ ಆಯಿತಲ್ಲ!

(ಇದನ್ನು ಕೇಳಿ ಕಟ್ಟೆಯಲ್ಲಿದ್ದ ಒಬ್ಬರು, "ತೋಟದ ಐ.ಪಿ. ಸೆಟ್ ಲೈನಿಗೆ ಸಿಕ್ಕಿಸಿದರಾಯ್ತು, ಬಿಲ್ಲೇ ಇಲ್ಲ" ಅಂದರು. ಆ ಉಚಿತ ಕರೆಂಟು ನೀರಾವರಿಗೆ ಮಾತ್ರ. ಕಾರಿಗೆ ಬಳಸಿದರೆ ಅದು ಕಳ್ಳತನ. ಹಾಗಾಗಿ ಆ ಲೆಕ್ಕವನ್ನು ನಾನು ಹಾಕಲಿಲ್ಲ.)

ಈಗ ಬೆಲೆಗೆ ಬರೋಣ. ಎಲೆಕ್ಟ್ರಿಕ್ ಕಾರಿಗೆ 2019ರಿಂದ ಜಿ.ಎಸ್.ಟಿ. ನೂರಕ್ಕೆ 5 ಮಾತ್ರ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿ.ಎಸ್.ಟಿ.ಯನ್ನು 28ರಿಂದ 18ಕ್ಕೆ ಇಳಿಸಿದ್ದರಿಂದ ಎರಡರ ಬೆಲೆಯ ಅಂತರ ಮತ್ತೆ ಹಿಗ್ಗಿತು. ನಾನು ಅಂತರವನ್ನು 3.5 ಲಕ್ಷ ಎಂದು ಹಿಡಿದಿದ್ದೇನೆ. ಯಾವ ಕಾರು ಕೊಂಡರೂ ಉಳಿದ ಹಣ ಬೇಕೇ ಬೇಕು, ಆದ್ದರಿಂದ ಅದನ್ನು ಲೆಕ್ಕಕ್ಕೆ ತರುವುದು ಬೇಡ. ಪ್ರಶ್ನೆ ಇಷ್ಟೆ: ಹೆಚ್ಚಿಗೆ ಕೊಟ್ಟ 3.5 ಲಕ್ಷ ಯಾವಾಗ ವಾಪಸು ಬರುತ್ತದೆ?

ಮಾವನಿಗೆ ತಿಂಗಳಿಗೆ 4,250 ಉಳಿತಾಯ. ವರ್ಷಕ್ಕೆ 51,000. ರಿಪೇರಿಯ 4,000 ಸೇರಿದರೆ 55,000. ಕೈಯಲ್ಲಿ ನಗದು ಇದ್ದರೆ ಆರೂವರೆ ವರ್ಷಕ್ಕೆ ಸರಿಹೋಗುತ್ತದೆ. ಆದರೆ ಒಡವೆ ಸಾಲಕ್ಕೆ ಬಡ್ಡಿ ಉಂಟು. ನೂರಕ್ಕೆ 9ರಂತೆ ಮೊದಲ ವರ್ಷದ ಬಡ್ಡಿಯೇ 31,500. ಉಳಿಸಿದ 55,000ವನ್ನೂ ಸಾಲಕ್ಕೆ ಕಟ್ಟಿದರೂ ಅಸಲು ಇಳಿಯುವುದು 23,500 ಮಾತ್ರ. ಹೀಗೆ ವರ್ಷ ವರ್ಷ ಕಟ್ಟುತ್ತಾ ಹೋದರೆ ತೀರುವ ಹೊತ್ತಿಗೆ ಹತ್ತು ವರ್ಷ ಹತ್ತಿರವಾಗುತ್ತದೆ. ಬ್ಯಾಟರಿಯ ವಾರಂಟಿ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ.; ಮಾವನಿಗೆ ಕಿಲೋಮೀಟರು ಮುಗಿಯುವ ಮೊದಲೇ ವರ್ಷ ಮುಗಿಯುತ್ತದೆ. ಅಂದರೆ ವಾರಂಟಿ ಮುಗಿದ ಮೇಲೂ ಎರಡು ವರ್ಷ ಅತ್ತೆಯ ಒಡವೆ ಬ್ಯಾಂಕಿನಲ್ಲೇ!

ಇದನ್ನು ನೋಡಿ ಮಾವನ ಮುಖ ಚಿಕ್ಕದಾಯಿತು. ಆಗ ಮೇಷ್ಟ್ರು ಇನ್ನೊಂದು ದಾರಿ ಹೇಳಿದರು. ವಾಹನ ಚಾರ್ಜ್ ಮಾಡಲೆಂದೇ ಬೇರೆ ಸಂಪರ್ಕ, ಬೇರೆ ದರ ಇದೆ. ಆ ಮೀಟರು ಹಾಕಿಸಿದರೆ ಮನೆಯ ಉಚಿತ ಕರೆಂಟು ಮುಟ್ಟದೆ ಉಳಿಯುತ್ತದೆ. ಕಾರಿನ ಬಿಲ್ಲು ಶುಲ್ಕವೆಲ್ಲ ಸೇರಿ 1,100 ಎಂದು ಹಿಡಿದರೆ ವರ್ಷದ ಉಳಿತಾಯ 65,800. ಅದೇ ಬಡ್ಡಿಯಲ್ಲಿ ಸಾಲ ಸುಮಾರು ಏಳೂವರೆ ವರ್ಷಕ್ಕೆ ತೀರುತ್ತದೆ. ಒಂದು ಮೀಟರಿನಿಂದ ಎರಡು ವರ್ಷಕ್ಕೂ ಹೆಚ್ಚು ಉಳಿಯಿತು.

ಮಾವನನ್ನು ನೋಡಿ ನಮ್ಮ ಚಿಕ್ಕಪ್ಪನಿಗೂ ಆಸೆಯಾಯಿತು. ಅವರದು ಸಂತೆ, ಮದುವೆ, ದೇವಸ್ಥಾನ ಎಲ್ಲ ಸೇರಿ ತಿಂಗಳಿಗೆ 300 ಕಿ.ಮೀ. ಪೆಟ್ರೋಲಾದರೆ 1,875 ರೂಪಾಯಿ. ಕರೆಂಟಿಗೆ 300 ಸಾಕು. ರಿಪೇರಿಯದೂ ಸೇರಿ ವರ್ಷಕ್ಕೆ ಉಳಿಯುವುದು 23,000ದ ಆಸುಪಾಸು. ಬಡ್ಡಿಯೇ 31,500! ಉಳಿತಾಯದಿಂದ ಬಡ್ಡಿಯೂ ಹುಟ್ಟುವುದಿಲ್ಲ. ಬೇರೆ ಸಾಮಾನಾದರೆ ಕಡಿಮೆ ಬಳಸಿದಷ್ಟೂ ಉಳಿತಾಯ ಅನ್ನುತ್ತೇವೆ. ಈ ಕಾರು ಅದಕ್ಕೆ ತಿರುಗಾ. ಮುಂದೆ ಸುಡಬೇಕಾದ ಇಂಧನದ ಬಹುಭಾಗವನ್ನು ಬ್ಯಾಟರಿಯ ರೂಪದಲ್ಲಿ ಮೊದಲೇ ಕೊಂಡಿರುತ್ತೇವೆ, ಓಡಿಸದೆ ನಿಲ್ಲಿಸಿದರೆ ಆ ದುಡ್ಡು ನಿಂತಲ್ಲೇ ಕರಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಎಂ.ಜಿ. ಕಂಪನಿ ವಿಂಡ್ಸರ್ ಎಂಬ ಕಾರನ್ನು ಬಿಟ್ಟಾಗ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಕ್ರಮವನ್ನೂ ತಂದಿತು. ಆಗಿನ ಬಾಡಿಗೆ ಕಿಲೋಮೀಟರಿಗೆ 3.5 ರೂಪಾಯಿ, ಕರೆಂಟು ಬೇರೆ. ಕಿಲೋಮೀಟರಿಗೆ ಒಂದೇ ರೂಪಾಯಿ ಅನ್ನುವವರು ಇದನ್ನೂ ಕೇಳಬೇಕು.

ಬ್ಯಾಟರಿ ಹೋದರೆ ಗತಿಯೇನು ಎಂಬುದು ಎಲ್ಲರ ಭಯ. ಈ ಭಯಕ್ಕೆ ಹಳೆಯ ಕಾರಣವಿದೆ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲಿ 6 ವೋಲ್ಟ್‌ನ ಎಂಟು ಸೀಸದ ಬ್ಯಾಟರಿಗಳಿದ್ದವು. ನಮ್ಮ ಯು.ಪಿ.ಎಸ್. ಬ್ಯಾಟರಿಯ ಹಾಗೆ ಅವಕ್ಕೂ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಕೆಲವೇ ವರ್ಷಕ್ಕೆ ಇಡೀ ಸೆಟ್ಟು ಬದಲಿಸಬೇಕು. ಈ ಕಾರು ಲಂಡನ್ನಿನಲ್ಲೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಕಂಪನಿಯನ್ನು ಮಹೀಂದ್ರದವರು ಕೊಂಡರು. 2013ರ ಇ2ಒ ಕಾರಿಗೆ ಲಿಥಿಯಂ ಬ್ಯಾಟರಿ ಬಂತು.

ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ ಬಲ್ಬಿನ ಹಾಗೆ ಒಂದೇ ದಿನ ಆರಿಹೋಗುವುದಿಲ್ಲ. ಹಳೇ ಬಾವಿಯ ಹಾಗೆ ನೀರು ತಗ್ಗುತ್ತಾ ಬರುತ್ತದೆ. ಎಂಟು ವರ್ಷದಲ್ಲಿ ನೂರಕ್ಕೆ 80 ಉಳಿದರೆ, 168 ಕಿ.ಮೀ. ಹೋಗುತ್ತಿದ್ದ ಕಾರು 134 ಕಿ.ಮೀ. ಹೋಗುತ್ತದೆ. ಮಾವನಿಗೆ ಬೇಕಾದ್ದು 40. ಆ ಬ್ಯಾಟರಿ ಅವರಿಗೆ ಆಗಲೂ ಸಾಕು. ಅದೇ ಕಾರನ್ನು ಮಾರಲು ಹೋದರೆ ಕೊಳ್ಳುವವರು ಬ್ಯಾಟರಿಗೆ ಎಷ್ಟು ವಯಸ್ಸಾಯಿತು ಎಂದು ಕೇಳಿ ಬೆಲೆ ಇಳಿಸುತ್ತಾರೆ. ಆದ್ದರಿಂದ ಕೊಂಡವರು ತಾವೇ ಬಹಳ ವರ್ಷ ಓಡಿಸಿದರೆ ಲಾಭ. ಬ್ಯಾಟರಿಯ ಬೆಲೆಯೂ ಇಳಿದಿದೆ. ಪ್ರಪಂಚದ ಸರಾಸರಿಯಲ್ಲಿ 2010ರಲ್ಲಿ ಒಂದು ಯೂನಿಟ್ ಹಿಡಿಸುವ ಬ್ಯಾಟರಿಗೆ ಸಾವಿರ ಡಾಲರಿಗೂ ಮೇಲಿತ್ತು, 2024ರಲ್ಲಿ 115 ಡಾಲರ್. ಆ ಲೆಕ್ಕದಲ್ಲಿ 24 ಯೂನಿಟ್‌ಗೆ ಎರಡೂವರೆ ಲಕ್ಷದ ಹತ್ತಿರ. ವರ್ಕ್‌ಶಾಪಿನಲ್ಲಿ ಇದಕ್ಕಿಂತ ಜಾಸ್ತಿಯೇ ಕೇಳುತ್ತಾರೆ, ಅದನ್ನು ಮನಸ್ಸಿನಲ್ಲಿಟ್ಟಿರಬೇಕು. ಬಿಸಿಲು ಬ್ಯಾಟರಿಗೆ ಶತ್ರು. ಹುಣಸೆಮರದ ನೆರಳಾದರೂ ಸರಿ, ನೆರಳಿನಲ್ಲಿ ನಿಲ್ಲಿಸಬೇಕು. ತೀರಾ ಬರಿದಾಗುವವರೆಗೂ ಓಡಿಸಬಾರದು.

ಇಷ್ಟನ್ನೂ ಅತ್ತೆಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ, "ಮೀಟರು ಯಾವಾಗ ಬರುತ್ತೆ?" ಮಾವ ಕೆ.ಇ.ಬಿ. ಆಫೀಸಿಗೆ (ಹೆಸರು ಬದಲಾದರೂ ನಾವು ಕರೆಯುವುದು ಹೀಗೇ) ಅರ್ಜಿ ಕೊಟ್ಟು ಬಂದಿದ್ದಾರೆ. ಲೈನ್‌ಮನ್ ಬಂದು ನೋಡಿ, ಮನೆಯ ಅರ್ಥಿಂಗ್ ಸರಿಯಿಲ್ಲ, ಗುಂಡಿ ತೆಗೆದು ಹೊಸದಾಗಿ ಮಾಡಿಸಿ, 15 ಆಂಪಿಯರ್ ಪ್ಲಗ್ಗಿಗೆ ದಪ್ಪ ವೈರು ಎಳೆಸಿ ಅಂದರು. ಆ ಖರ್ಚನ್ನೂ ನನ್ನ ಲೆಕ್ಕಕ್ಕೆ ಸೇರಿಸಿದ್ದೇನೆ. ಚಿಕ್ಕಪ್ಪ ಸದ್ಯಕ್ಕೆ ತಮ್ಮ ಹಳೇ ಬೈಕಿಗೇ ಹೊಸ ಟೈರು ಹಾಕಿಸಿದ್ದಾರೆ.